ಇನ್ನೂ ಬಾರದ ಮಕ್ಕಳ ಲೆಕ್ಕ

ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ನಗರದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ನಗರಪಾಲಿಕೆಯಲ್ಲ, ರಾಜ್ಯದ ಶಿಕ್ಷಣ ಇಲಾಖೆಯೂ ಅಲ್ಲ. ಅದಕ್ಕೆಂದೇ ಒಂದು ಸ್ಕೂಲ್ ಡಿಸ್ಟ್ರಿಕ್ಟ್ ಇದೆ. ಮತದಾರರು ಆರಿಸಿದ ಏಳು ಮಂದಿಯ ಬೋರ್ಡು, ಆ ಬೋರ್ಡು ನೇಮಿಸಿದ ಸೂಪರಿಂಟೆಂಡೆಂಟ್ ಅದನ್ನು ನೋಡಿಕೊಳ್ಳುತ್ತಾರೆ. ಮೇಷ್ಟ್ರ ಸಂಬಳದಿಂದ ಹಿಡಿದು ಸೋರುವ ಚಾವಣಿಯ ರಿಪೇರಿಯವರೆಗೆ ಎಲ್ಲವೂ ಅವರದೇ ಹೊಣೆ. 2003ರಲ್ಲಿ ಈ ಡಿಸ್ಟ್ರಿಕ್ಟಿನ ಲೆಕ್ಕ ಕೈಮೀರಿತು. ರಾಜ್ಯ ಸರ್ಕಾರ 10 ಕೋಟಿ ಡಾಲರ್‌ವರೆಗಿನ ಸಾಲಕ್ಕೆ ಒಪ್ಪಿ, ಚುನಾಯಿತ ಬೋರ್ಡಿನ ಅಧಿಕಾರ ತೆಗೆದು, ತನ್ನ ಆಡಳಿತಾಧಿಕಾರಿಯನ್ನು ಕೂರಿಸಿತು. ಅಧಿಕಾರ ಮರಳಿದ್ದು 2009ರಲ್ಲಿ, ಸಾಲ ಪೂರ್ತಿ ತೀರಿದ್ದು 2025ರಲ್ಲಿ. ತಪ್ಪಿದರೆ ಒಂದು ಊರು ಎರಡು ದಶಕ ಬೆಲೆ ತೆರಬೇಕಾದ ಈ ಲೆಕ್ಕವನ್ನು ವರ್ಷವರ್ಷವೂ ಸರಿಯಾಗಿ ಕೂಡಿಸುವವರ ಕಸುಬು ಎಂಥದ್ದು?

ಮೊದಲ ಕೆಲಸ ಮಕ್ಕಳನ್ನು ಎಣಿಸುವುದು. ಎಣಿಸಬೇಕಾದ್ದು ಈಗ ತರಗತಿಯಲ್ಲಿ ಕೂತವರನ್ನಲ್ಲ, ಮುಂದಿನ ವರ್ಷ ಬರುವವರನ್ನು. ಶಿಶುವಿಹಾರಕ್ಕೆ ಎಷ್ಟು ಮಕ್ಕಳು ಬಂದಾರು ಎನ್ನಲು ಐದು ವರ್ಷದ ಹಿಂದಿನ ಜನನ ದಾಖಲೆ ನೋಡುತ್ತಾರೆ. ಉಳಿದ ತರಗತಿಗಳಿಗೆ ಬೇರೆ ಉಪಾಯವಿದೆ. ಹೋದ ವರ್ಷ ಒಂದನೇ ತರಗತಿಯಲ್ಲಿದ್ದ 100 ಮಕ್ಕಳಲ್ಲಿ ಈ ವರ್ಷ ಎರಡಕ್ಕೆ ಬಂದವರು 95 ಎಂದಾದರೆ, ಆ ಅನುಪಾತವನ್ನು ಹಲವು ವರ್ಷಗಳ ಮೇಲೆ ಹೊಂದಿಸಿ ಮುಂದಕ್ಕೆ ಚಾಚುತ್ತಾರೆ. ಹೊಸ ವಸತಿ ಬಡಾವಣೆ, ಏರುವ ಬಾಡಿಗೆ, ಪಕ್ಕದಲ್ಲಿ ತೆರೆದ ಚಾರ್ಟರ್ ಶಾಲೆ (ಸರ್ಕಾರಿ ಹಣದಲ್ಲೇ, ಆದರೆ ಡಿಸ್ಟ್ರಿಕ್ಟಿನ ಆಡಳಿತದ ಹೊರಗೆ ನಡೆಯುವ ಶಾಲೆ) ಎಲ್ಲವೂ ಈ ಅಂದಾಜನ್ನು ಅಲುಗಿಸುತ್ತವೆ. ಓಕ್‌ಲ್ಯಾಂಡಿನಲ್ಲಿ 2000ರ ಸುಮಾರಿಗೆ 50,000ಕ್ಕೂ ಹೆಚ್ಚಿದ್ದ ಡಿಸ್ಟ್ರಿಕ್ಟ್ ಶಾಲೆಗಳ ಮಕ್ಕಳು ಈಗ 34,000ದ ಆಸುಪಾಸಿಗೆ ಇಳಿದಿದ್ದಾರೆ.

ಎಣಿಕೆಯಿಂದ ಹಣಕ್ಕೆ ಬರೋಣ. 2013ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಕಾಲದಲ್ಲಿ ಕ್ಯಾಲಿಫೋರ್ನಿಯಾ ಹೊಸ ಸೂತ್ರವೊಂದನ್ನು ತಂದಿತು. ಪ್ರತಿ ಮಗುವಿಗೂ ಒಂದು ಮೂಲ ಮೊತ್ತ. ಬಡ ಕುಟುಂಬದ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ, ಇಲ್ಲವೇ ಸರ್ಕಾರದ ಪಾಲನೆಯಲ್ಲಿರುವ ಮಗುವಿಗೆ ಅದರ ಮೇಲೆ ಶೇ 20 ಹೆಚ್ಚು. ಒಂದೇ ಮಗು ಮೂರೂ ಪಟ್ಟಿಯಲ್ಲಿದ್ದರೂ ಲೆಕ್ಕಕ್ಕೆ ಬರುವುದು ಒಂದೇ ಸಲ. ಇಂಥ ಮಕ್ಕಳು ಶೇ 55 ದಾಟಿದ ಕಡೆ, ದಾಟಿದಷ್ಟು ಪಾಲಿಗೆ ಇನ್ನೂ ಶೇ 65 ಸೇರುತ್ತದೆ. ಮೂಲ ಮೊತ್ತ 100 ಎಂದುಕೊಳ್ಳಿ, ಇಂಥ ಮಕ್ಕಳು ಶೇ 75 ಎಂದುಕೊಳ್ಳಿ. ಮೊದಲ ಸೇರ್ಪಡೆ 15, ಎರಡನೆಯದು 13. ಅಲ್ಲಿಗೆ ತಲಾ ಸರಾಸರಿ 128. ಬಡತನ ಒತ್ತಾಗಿರುವ ಕಡೆ ಕಲಿಸುವುದಕ್ಕೆ ಖರ್ಚು ಹೆಚ್ಚು ಎಂಬ ನ್ಯಾಯವನ್ನು ಕಾನೂನು ಹೀಗೆ ಅಂಕಿಗೆ ಇಳಿಸಿದೆ.

ಆದರೆ ಈ ಹಣ ಬರುವುದು ದಾಖಲಾತಿಯ ಮೇಲಲ್ಲ, ಹಾಜರಿಯ ಮೇಲೆ. ಜ್ವರ ಬಂದು ಮಕ್ಕಳು ಮನೆಯಲ್ಲಿ ಮಲಗಿದರೆ ಆದಾಯ ಇಳಿಯುತ್ತದೆ. ಮೇಷ್ಟ್ರ ಸಂಬಳ ಇಳಿಯುವುದಿಲ್ಲ. ಮಕ್ಕಳು ಕಮ್ಮಿಯಾದಾಗಲೂ ಇದೇ ತೊಡಕು. ಮೂವತ್ತು ತರಗತಿಗಳಿಂದ ತಲಾ ಒಂದು ಮಗು ಹೊರಟುಹೋದರೆ ಒಂದು ತರಗತಿ ನಡೆಸುವಷ್ಟು ಆದಾಯ ಹೋಯಿತು, ಆದರೆ ಬಿಡಿಸಬಹುದಾದ ಶಿಕ್ಷಕರು ಒಬ್ಬರೂ ಇಲ್ಲ. ಸಾಮಾನ್ಯವಾಗಿ ಇಂಥ ಬಜೆಟ್ಟಿನ ಐದರಲ್ಲಿ ನಾಲ್ಕು ಪಾಲು ಸಂಬಳ, ಪಿಂಚಣಿ, ಆರೋಗ್ಯ ವಿಮೆಗೇ ಹೋಗುವುದರಿಂದ ಮಿಕ್ಕ ಕಡೆ ಕತ್ತರಿ ಆಡಿಸಲು ಜಾಗವೂ ಇಲ್ಲ. ಆದ್ದರಿಂದ ನುರಿತ ಬಜೆಟ್ ಅಧಿಕಾರಿ ಪ್ರತಿ ಹುದ್ದೆಗೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ: ಯಾರು ಕೂತಿದ್ದಾರೆ, ಯಾವ ನಿಧಿಯಿಂದ ಸಂಬಳ, ಯಾವುದು ಖಾಲಿ. ಈ ಪಟ್ಟಿ ಹದಗೆಟ್ಟರೆ, ಮೇಲೆ ಎಷ್ಟು ಚೆಂದದ ಯೋಜನೆ ಬರೆದರೂ ನಿಲ್ಲುವುದಿಲ್ಲ.

ಇನ್ನು ತಿಂಗಳುಗಳ ಆಟ. ಆರ್ಥಿಕ ವರ್ಷ ಶುರುವಾಗುವುದು ಜುಲೈ 1ಕ್ಕೆ. ಗವರ್ನರ್ ತಮ್ಮ ಮೊದಲ ಅಂದಾಜು ಕೊಡುವುದು ಜನವರಿ 10ರೊಳಗೆ, ತಿದ್ದಿದ್ದು ಮೇ ನಡುವಿಗೆ, ಶಾಸಕರು ಅಂಗೀಕರಿಸುವುದು ಜೂನ್ 15ರೊಳಗೆ. ಆದರೆ ಮುಂದಿನ ವರ್ಷ ಶಿಕ್ಷಕರನ್ನು ಕಡಿಮೆ ಮಾಡುವುದಿದ್ದರೆ ಮಾರ್ಚ್ 15ರೊಳಗೇ ನೋಟಿಸ್ ಕೊಟ್ಟಿರಬೇಕು. ಮಳೆ ಬರುವ ಮೊದಲೇ ಬಿತ್ತಬೇಕಾದ ರೈತನ ಪಾಡು ಇದು. ಹೆಚ್ಚು ನೋಟಿಸ್ ಕೊಟ್ಟರೆ ಒಳ್ಳೆಯ ಶಿಕ್ಷಕರು ಬೇರೆ ಊರು ನೋಡಿಕೊಳ್ಳುತ್ತಾರೆ. ಕೊಡದೇ ಹೋದರೆ ಇಲ್ಲದ ದುಡ್ಡಿಗೆ ಮಾತು ಕೊಟ್ಟಂತೆ. ಕಸುಬಿನ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ: ಪೂರ್ತಿ ಗೊತ್ತಾಗುವ ಮೊದಲೇ ತೀರ್ಮಾನಿಸುವುದು, ತೀರ್ಮಾನ ತಪ್ಪಿದರೂ ತಡೆದುಕೊಳ್ಳುವಷ್ಟು ಜಾಗ ಇಟ್ಟುಕೊಳ್ಳುವುದು.

ಅದಕ್ಕೆ ಕಾನೂನಿನ ಒತ್ತಾಸೆಯೂ ಇದೆ. ವರ್ಷಕ್ಕೆ ಎರಡು ಬಾರಿ ಡಿಸ್ಟ್ರಿಕ್ಟು ಈ ವರ್ಷವೂ ಮುಂದಿನ ಎರಡು ವರ್ಷವೂ ಬಾಕಿ ತೀರಿಸಬಲ್ಲೆನೇ ಎಂದು ಲಿಖಿತವಾಗಿ ಹೇಳಬೇಕು. ಉತ್ತರ ಮೂರು ಬಗೆ: ಬಲ್ಲೆ, ಬಹುಶಃ ಆಗದು, ಆಗದು. ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಶಿಕ್ಷಣಾಧಿಕಾರಿ ಅದನ್ನು ಪರಿಶೀಲಿಸುತ್ತಾರೆ. ಮೂರನೇ ವರ್ಷದ ಕಾಲಂ ಇಲ್ಲದಿದ್ದರೆ ಈ ವರ್ಷದ ಸಂಬಳ ಏರಿಕೆ ಹಗುರಾಗಿ ಕಾಣುತ್ತದೆ. ಮುಂದಿನ ವರ್ಷಗಳನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ಇದೆ. ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ ದೇಶದ ಶಾಲೆಗಳಿಗೆ ಮೂರು ಕಂತಿನಲ್ಲಿ ಸುಮಾರು 19,000 ಕೋಟಿ ಡಾಲರ್ ಕೊಟ್ಟಿತು. ಕೊನೆಯ ಕಂತನ್ನು ಯಾವುದಕ್ಕೆ ಎಂದು ಗೊತ್ತುಮಾಡಲು 2024ರ ಸೆಪ್ಟೆಂಬರ್ ಗಡುವಾಗಿತ್ತು. ಒಮ್ಮೆ ಬರುವ ಆ ಹಣದಲ್ಲಿ ಕಾಯಂ ಹುದ್ದೆ ತುಂಬಿದ ಊರುಗಳು ಆಮೇಲೆ ಪೇಚಿಗೆ ಸಿಕ್ಕಿದವು.

ಲೆಕ್ಕ ಸರಿಹೋದ ಮಾತ್ರಕ್ಕೆ ಕೆಲಸ ಮುಗಿಯದು. ಅದರ ಜೊತೆಗೇ ಪ್ರತಿ ಡಿಸ್ಟ್ರಿಕ್ಟೂ ಮೂರು ವರ್ಷದ ಯೋಜನೆಯೊಂದನ್ನು ಬರೆಯಬೇಕು. ಬಾಯಿಮಾತಿನಲ್ಲಿ ಅದಕ್ಕೆ ಎಲ್‌ಕ್ಯಾಪ್ ಎನ್ನುತ್ತಾರೆ. ಗುರಿ ಏನು, ಅದನ್ನು ಅಳೆಯುವುದು ಹೇಗೆ, ಮಾಡುವ ಕೆಲಸ ಯಾವುದು, ಅದಕ್ಕೆ ಎಷ್ಟು ಹಣ ಎಂಬುದು ಒಂದರ ಪಕ್ಕ ಒಂದು ಇರಬೇಕು. ಪೋಷಕರ ಸಮಿತಿ ಎತ್ತಿದ ಮಾತಿಗೆ ಸೂಪರಿಂಟೆಂಡೆಂಟ್ ಬರಹದಲ್ಲೇ ಉತ್ತರಿಸಬೇಕು. ಒಂದು ಸಭೆಯಲ್ಲಿ ಜನರ ಅಹವಾಲು ಕೇಳಿ, ಇನ್ನೊಂದರಲ್ಲಿ ಅಂಗೀಕರಿಸಬೇಕು. ಇಷ್ಟೆಲ್ಲ ಇದ್ದೂ ಅಂಕಿಯೊಂದೇ ಗೆಲ್ಲುವುದಿಲ್ಲ. ಓಕ್‌ಲ್ಯಾಂಡಿನ ಬೋರ್ಡು 2022ರಲ್ಲಿ ಕೆಲವು ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿದಾಗ ಊರು ಬೀದಿಗಿಳಿಯಿತು. ಮರುವರ್ಷ ಹೊಸ ಬೋರ್ಡು ಅವುಗಳಲ್ಲಿ ಐದನ್ನು ಉಳಿಸಿಕೊಂಡಿತು. ಶಾಲೆಗಳು ಉಳಿದವು, ಅವುಗಳ ಖರ್ಚೂ ಹಾಗೇ ಮುಂದುವರಿಯಿತು. ಯಾವುದನ್ನು ಬಿಟ್ಟು ಯಾವುದನ್ನು ಇಟ್ಟುಕೊಳ್ಳಬೇಕೆಂಬುದು ಕೊನೆಗೂ ಮತದಾರರ ತೀರ್ಮಾನ. ಆ ಆಯ್ಕೆಯ ಬೆಲೆ ಎಷ್ಟೆಂದು ಮುಚ್ಚುಮರೆಯಿಲ್ಲದೆ ಹೇಳುವುದು ಲೆಕ್ಕದವರ ಧರ್ಮ.

ಓಕ್‌ಲ್ಯಾಂಡ್ ಇರುವ ಅಲಮೀಡಾ ಕೌಂಟಿಯಲ್ಲೇ ಫ್ರೀಮಾಂಟ್ ಇದೆ, ಅಲ್ಲಿ ಕನ್ನಡದ ಮನೆಗಳೂ ಇವೆ. ಒಳ್ಳೆಯ ಶಾಲೆ ಇದೆಯೆಂದು ಹೆಚ್ಚು ಬೆಲೆ ತೆತ್ತು ಮನೆ ಕೊಂಡವರು ಆ ಶಾಲೆಯ ಬಜೆಟ್ ಮಂಡನೆಯಾಗುವ ಜೂನ್ ಸಂಜೆ ಒಮ್ಮೆ ಸಭೆಗೆ ಹೋಗಿ ಕೂರಲಿ. ಮೊದಲು ಮೂರನೇ ವರ್ಷದ ಕಾಲಂ ತೆರೆದು ನೋಡಲಿ, ಆಮೇಲೆ ಪ್ರಶ್ನೆ ಕೇಳಲಿ.