ಹಳೆಯ ದನಿಗಳನ್ನು ಉಳಿಸುವ ಕೆಲಸ



ಕಳೆದ ತಿಂಗಳು ನಮ್ಮ ಕಾಲೇಜಿನ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮಕ್ಕೆ ಹಳೆಯ ವಿದ್ಯಾರ್ಥಿನಿಯಾಗಿ ಬಂದಿದ್ದೆ. ಡಾಕ್ಟರ್, ಇಂಜಿನಿಯರ್, ಸಿ.ಎ. ಆದವರೆಲ್ಲ ಮಾತಾಡಿದ ಮೇಲೆ ನನ್ನ ಸರದಿ ಬಂತು. ‘ನಾನು ಒಂದು ಪತ್ರಾಗಾರದಲ್ಲಿ ಹಳೆಯ ಧ್ವನಿಮುದ್ರಣ ಮತ್ತು ವಿಡಿಯೊಗಳನ್ನು ಕಾಪಾಡುವ ಕೆಲಸ ಮಾಡುತ್ತೇನೆ’ ಎಂದೆ. ಹಿಂದಿನ ಬೆಂಚಿನಿಂದ ಪ್ರಥಮ ಪಿಯುಸಿಯ ಹುಡುಗನೊಬ್ಬ ಕೇಳಿದ: ‘ಮೇಡಂ, ಆ ಕಡೆ ಪ್ಲೇ ಒತ್ತಿ ಈ ಕಡೆ ರೆಕಾರ್ಡ್ ಒತ್ತಿದರೆ ಆಯ್ತಲ್ವಾ? ಅದಕ್ಕೂ ಒಂದು ಕೆಲಸ ಅಂತ ಇದೆಯಾ?’ ಎಲ್ಲರೂ ನಕ್ಕರು, ನಾನೂ ನಕ್ಕೆ. ಸಮಯ ಮುಗಿದಿದ್ದರಿಂದ ಪೂರ್ತಿ ಉತ್ತರ ಹೇಳಲಾಗಲಿಲ್ಲ. ಅದನ್ನೇ ಬರೆದುಕೊಡಿ ಎಂದು ಕನ್ನಡ ವಿಭಾಗದ ಮೇಡಂ ಕೇಳಿದ್ದರಿಂದ ಈ ಲೇಖನ.

ನಿಜ ಹೇಳಬೇಕೆಂದರೆ, ಯೋಚಿಸದೆ ಪ್ಲೇ ಒತ್ತಿದ್ದರಿಂದಲೇ ನಾನು ಈ ಕೆಲಸಕ್ಕೆ ಬಂದೆ.

ದಾದಾ ಕಳಿಸಿದ ಕ್ಯಾಸೆಟ್

ನಮ್ಮ ಮನೆ ಆರ್.ಟಿ. ನಗರದಲ್ಲಿ. ಎಂಬತ್ತರ ದಶಕದಲ್ಲಿ ದಾದಾ ಸೌದಿ ಅರೇಬಿಯಾದ ದಮ್ಮಾಮಿನಲ್ಲಿ ಡ್ರೈವರ್ ಆಗಿದ್ದರು. ಆಗ ಫೋನ್ ಮಾಡುವುದು ದುಬಾರಿ. ದಾದಿಗೆ ಓದು ಬರಹ ಬರುತ್ತಿರಲಿಲ್ಲ. ಹಾಗಾಗಿ ದಾದಾ ಖಾಲಿ ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಗೆ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಇಲ್ಲಿಂದ ದಾದಿ ಮತ್ತು ಮಕ್ಕಳು ಅದರ ಮೇಲೆಯೇ ಉತ್ತರ ತುಂಬಿಸಿ ಕಳಿಸುತ್ತಿದ್ದರು. ಗಲ್ಫಿಗೆ ದುಡಿಯಲು ಹೋದವರಿದ್ದ ಎಷ್ಟೋ ಮನೆಗಳಲ್ಲಿ ಇಂಥ ಮಾತಿನ ಪತ್ರಗಳಿದ್ದವು. ನಮ್ಮ ಮನೆಯಲ್ಲಿ ಅಳಿಸಿಹೋಗದೆ ಉಳಿದದ್ದು ಒಂದೇ, 1986ರದ್ದು.

2011ರಲ್ಲಿ ನಾನು ದ್ವಿತೀಯ ಪಿಯುಸಿಯಲ್ಲಿದ್ದೆ. ದಾದಾ ತೀರಿಕೊಂಡು ವರ್ಷಗಳಾಗಿದ್ದವು. ದಾದಿಗೆ ಖುಷಿಯಾಗಲಿ ಎಂದು ಕ್ಯಾಸೆಟ್ಟನ್ನು ಟ್ರಂಕಿನಿಂದ ತೆಗೆದು ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದೆ. ದಾದಾರ ಸಲಾಂ ಕೇಳಿಸಿತು. ಅಡುಗೆ ಮನೆಯಲ್ಲಿದ್ದ ದಾದಿ ಕೈ ಒರೆಸಿಕೊಳ್ಳುತ್ತಾ ಬಂದು ಕೂತರು. ಎರಡು ನಿಮಿಷ ಆಗಿರಲಿಲ್ಲ, ದನಿ ಎಳೆದಂತಾಗಿ ಟೇಪ್ ರೆಕಾರ್ಡರ್ ಕಿರ್ರೆಂದು ನಿಂತಿತು. ರೀಲು ಒಳಗೆ ಸುತ್ತಿಕೊಂಡಿತ್ತು. ಗಾಬರಿಯಲ್ಲಿ ನಾನು ಎಳೆದೆ. ತುಂಡಾಯಿತು.

‘ಇರಲಿ ಬಿಡು ಬೇಟಾ, ಸಲಾಂ ಆದರೂ ಕೇಳಿಸಿತಲ್ಲ’ ಎಂದರು ದಾದಿ. ಅಬ್ಬಾ ತುಂಡುಗಳನ್ನು ಸೆಲ್ಲೊ ಟೇಪಿನಿಂದ ಅಂಟಿಸಿ ಟ್ರಂಕಿನಲ್ಲಿಟ್ಟರು. ಮತ್ತೆ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. 2015ರಲ್ಲಿ ದಾದಿ ತೀರಿಕೊಂಡರು.

ಟೇಪಿನಲ್ಲಿ ದನಿ ಎಲ್ಲಿರುತ್ತದೆ?

ಕ್ಯಾಸೆಟ್ಟಿನ ಟೇಪು 4 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಅಗಲದ ಪ್ಲಾಸ್ಟಿಕ್ ಪಟ್ಟಿ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಅದರ ಉದ್ದ ಸುಮಾರು 86 ಮೀಟರ್. ಅದರ ಮೇಲೆ ಒಂದು ಬಗೆಯ ಅಂಟಿನಲ್ಲಿ ಕಲಸಿದ ಕಬ್ಬಿಣದ ಆಕ್ಸೈಡ್‌ನ ಲೇಪ ಇರುತ್ತದೆ. ಮಾತಾಡಿದಾಗ ಮೈಕ್ ದನಿಯನ್ನು ವಿದ್ಯುತ್ತಾಗಿಸುತ್ತದೆ; ರೆಕಾರ್ಡಿಂಗ್ ಹೆಡ್ ಆ ವಿದ್ಯುತ್ತನ್ನು ಕಾಂತಕ್ಷೇತ್ರವಾಗಿಸುತ್ತದೆ; ಟೇಪಿನ ಕಣಗಳು ಅದಕ್ಕೆ ತಕ್ಕಂತೆ ಕಾಂತೀಯವಾಗಿ ಹಾಗೆಯೇ ಉಳಿಯುತ್ತವೆ. ಭೌತಶಾಸ್ತ್ರದಲ್ಲಿ ನೀವು ಓದುವ ಫೆರೋ ಕಾಂತತ್ವದ ಪಾಠ ಇದೇ.

ಲೇಪವನ್ನು ಹಿಡಿದಿಟ್ಟ ಅಂಟು ಶಾಶ್ವತವಲ್ಲ. ಕೆಲವು ಸ್ಪೂಲ್ ಟೇಪುಗಳಲ್ಲಿ ಅದು ಗಾಳಿಯ ತೇವ ಹೀರಿ ಒಡೆಯುತ್ತದೆ. ನಿಮ್ಮ ರಸಾಯನಶಾಸ್ತ್ರದ ಜಲವಿಭಜನೆ ಇದು. ಅಂಥ ಟೇಪನ್ನು ಹಾಗೇ ನುಡಿಸಿದರೆ ಲೇಪವೇ ಕಿತ್ತು ಬರುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಂತೂ ನಮ್ಮ ಊರಿನಲ್ಲಿ ಸಾಮಾನ್ಯ.

ಏಕೆ ಕಾಯುವಂತಿಲ್ಲ?

ಟೇಪಿಗಿಂತ ಮೊದಲು ಯಂತ್ರಗಳು ಹೋಗುತ್ತಿವೆ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ತಯಾರಿಕೆ ನಿಲ್ಲಿಸಿತು. ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಬಲ್ಲವರಿಗೆ ವಯಸ್ಸಾಗಿದೆ. 2025ರ ಆಸುಪಾಸಿನಲ್ಲಿ ಮ್ಯಾಗ್ನೆಟಿಕ್ ಟೇಪುಗಳನ್ನು ನುಡಿಸುವುದೇ ಕಷ್ಟವಾಗಲಿದೆ ಎಂದು ಯುನೆಸ್ಕೊ 2019ರಲ್ಲೇ ಧ್ವನಿ ಪತ್ರಾಗಾರಗಳ ಅಂತರರಾಷ್ಟ್ರೀಯ ಸಂಘದ ಜೊತೆ ಸೇರಿ ಎಚ್ಚರಿಸಿತ್ತು.

ಕಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆ ಇದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಇನ್ನೊಂದು ಕಡೆ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದ್ದು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ವಿದೇಶದ ಸಂಸ್ಥೆಗಳೊಂದಿಗೆ ಸೇರಿ ಅದನ್ನು ಪುನರುಜ್ಜೀವಗೊಳಿಸಿತು. 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ: ಒಂದನ್ನು ಕಾಪಿಡಲಾಗಿತ್ತು, ಇನ್ನೊಂದನ್ನು ಇಲ್ಲ.

ನಮ್ಮ ಕೆಲಸ ಹೇಗೆ ನಡೆಯುತ್ತದೆ?

ಮೊದಲ ಹಂತ ನೋಡುವುದು. ಟೇಪು ಬಂದ ದಿನ ನಾವು ನುಡಿಸುವುದೇ ಇಲ್ಲ. ಬೂಷ್ಟು ಇದೆಯೇ, ಅಂಚು ಸುಕ್ಕಾಗಿದೆಯೇ, ವಾಸನೆ ಬರುತ್ತಿದೆಯೇ ಎಂದು ನೋಡುತ್ತೇವೆ. ಹಳೆಯ ಅಸಿಟೇಟ್ ಫಿಲ್ಮ್ ಕೆಡುವಾಗ ವಿನೆಗರ್ ವಾಸನೆ ಬರುತ್ತದೆ. ಡಬ್ಬಿಯ ಮೇಲಿನ ಬರಹವನ್ನು ಅಳಿಸದೆ ಫೋಟೊ ತೆಗೆಯುತ್ತೇವೆ.

ಎರಡನೆಯದು ಚಿಕಿತ್ಸೆ. ಬೂಷ್ಟು ಹಿಡಿದದ್ದನ್ನು ಬೇರೆ ಇಟ್ಟು, ಮಾಸ್ಕ್ ಹಾಕಿಕೊಂಡು ಶುಚಿ ಮಾಡುತ್ತೇವೆ. ತೇವ ಹೀರಿ ಅಂಟಂಟಾದ ಸ್ಪೂಲ್ ಟೇಪನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ತಾತ್ಕಾಲಿಕವಾಗಿ ಸರಿಪಡಿಸುವುದುಂಟು. ದಯವಿಟ್ಟು ಇದನ್ನು ಮನೆಯ ಓವನ್ನಿನಲ್ಲಿ ಪ್ರಯೋಗಿಸಬೇಡಿ.

ಮೂರನೆಯದು ಯಂತ್ರವನ್ನು ಹೊಂದಿಸುವುದು. ಆ ಹುಡುಗನ ಪ್ರಶ್ನೆಗೆ ಮುಖ್ಯ ಉತ್ತರ ಇಲ್ಲಿದೆ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಯಾವ ಕೋನದಲ್ಲಿತ್ತೋ ನುಡಿಸುವ ಯಂತ್ರದ ಹೆಡ್ ಅದೇ ಕೋನದಲ್ಲಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ‘ಸ’, ‘ಶ’ದಂಥ ತೀಕ್ಷ್ಣ ಧ್ವನಿಗಳು ಮಸುಕಾಗುತ್ತವೆ, ಮಾತು ಕಂಬಳಿಯೊಳಗಿಂದ ಬಂದಂತೆ ಕೇಳಿಸುತ್ತದೆ. ಪ್ರತಿ ಟೇಪಿಗೂ ಕಿವಿಯಿಂದ ಕೇಳಿ, ಮೀಟರ್ ನೋಡಿ ಕೋನ ಸರಿಪಡಿಸಬೇಕು. ಟೇಪಿನ ಓಟ ಸೆಕೆಂಡಿಗೆ 4.76 ಸೆಂಟಿಮೀಟರ್ ಇರಬೇಕು. ಹೆಚ್ಚಾದರೆ ಗಂಡಸಿನ ದನಿ ಹುಡುಗನದಾಗುತ್ತದೆ.

ನಾಲ್ಕನೆಯದು ಪ್ರತಿ ಮಾಡುವುದು. ಸೆಕೆಂಡಿಗೆ 96,000 ಬಾರಿ ದನಿಯನ್ನು ಅಳೆದು, ಪ್ರತಿ ಅಳತೆಯನ್ನೂ 24 ಬಿಟ್‌ಗಳಲ್ಲಿ ಬರೆದು, ಕುಗ್ಗಿಸದ ವೇವ್ ಫೈಲಾಗಿ ಉಳಿಸುತ್ತೇವೆ. ಸ್ಟೀರಿಯೊ ಆದರೆ ಒಂದು ಗಂಟೆಗೆ ಸುಮಾರು 2 ಜಿಬಿ. ಎಂಪಿ3 ಕೇಳಲು ಸಾಕು. ಆದರೆ ಅದು ದನಿಯ ಒಂದಷ್ಟು ಭಾಗವನ್ನು ಬಿಟ್ಟುಬಿಡುತ್ತದೆ, ಬಿಟ್ಟದ್ದು ಮತ್ತೆ ಸಿಗುವುದಿಲ್ಲ. ವಿಡಿಯೊಗೆ ಇನ್ನೂ ಹೆಚ್ಚು ಜಾಗ ಬೇಕು: ಹಳೆಯ ಟಿ.ವಿ. ಗುಣಮಟ್ಟದ್ದೇ ಕುಗ್ಗಿಸದಿದ್ದರೆ ಗಂಟೆಗೆ 90 ಜಿಬಿ ದಾಟುತ್ತದೆ. ಈ ಮೂಲ ಪ್ರತಿಯಲ್ಲಿ ಸದ್ದು ತೆಗೆಯುವುದು, ಮೆರುಗು ಕೊಡುವುದು ಯಾವುದೂ ಇಲ್ಲ. ಅದೆಲ್ಲ ಕೇಳುವವರಿಗಾಗಿ ಮಾಡುವ ಎರಡನೆಯ ಪ್ರತಿಯಲ್ಲಿ.

ಐದನೆಯದು ಕಾಪಿಡುವುದು. ಹಾರ್ಡ್ ಡಿಸ್ಕೂ ಕೆಡುತ್ತದೆ. ಆದ್ದರಿಂದ ಕನಿಷ್ಠ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಪ್ರತಿ ಫೈಲಿಗೂ ಅದರ ಬಿಟ್‌ಗಳಿಂದ ಲೆಕ್ಕ ಹಾಕಿದ ಚೆಕ್‌ಸಮ್ ಎಂಬ ಸಂಖ್ಯೆ ಇರುತ್ತದೆ. ಆಗಾಗ ಮತ್ತೆ ಲೆಕ್ಕ ಹಾಕಿದಾಗ ಅದು ಬದಲಾಗಿದ್ದರೆ ಫೈಲ್ ಕೆಟ್ಟಿದೆ ಎಂದರ್ಥ.

ಆರನೆಯದು ವಿವರ ಬರೆಯುವುದು: ಯಾರು, ಯಾವಾಗ, ಎಲ್ಲಿ, ಯಾವ ಭಾಷೆಯಲ್ಲಿ, ಏನು. ಸೇರಿದ ಹೊಸದರಲ್ಲಿ ಇದು ಗುಮಾಸ್ತರ ಕೆಲಸ ಎಂದುಕೊಂಡಿದ್ದೆ. ನನ್ನ ಅಭಿಪ್ರಾಯ ಬದಲಾಯಿಸಿದ್ದು ದಾದಾರ ಕ್ಯಾಸೆಟ್.

ಹೆಸರು ಹೇಳದ ದನಿ

ಕೆಲಸ ಕಲಿತು ಎರಡು ವರ್ಷವಾದ ಮೇಲೆ, 2018ರಲ್ಲಿ, ಆ ಕ್ಯಾಸೆಟ್ಟನ್ನು ಬಿಚ್ಚಿದೆ. ಸೆಲ್ಲೊ ಟೇಪಿನ ಗೋಂದು ಪಕ್ಕದ ಸುತ್ತುಗಳಿಗೂ ಹರಡಿತ್ತು. ಅದನ್ನು ಬಿಡಿಸಿ, ಇದಕ್ಕೆಂದೇ ಇರುವ ಜೋಡಣೆ ಟೇಪಿನಿಂದ ಕೂಡಿಸಿ, ಹೊಸ ಡಬ್ಬಿಗೆ ಹಾಕಲು ಒಂದು ಇಡೀ ದಿನ ಬೇಕಾಯಿತು. ನಾನು ಎಳೆದಿದ್ದ ಕಡೆ ಟೇಪು ಹಿಗ್ಗಿತ್ತು. ಅಲ್ಲಿನ ನಾಲ್ಕೈದು ಮಾತು ಹೋಗೇಬಿಟ್ಟಿದೆ. ಉಳಿದದ್ದೆಲ್ಲ ಬಂತು. ಅಬ್ಬಾ ಹೆಡ್‌ಫೋನ್ ಹಾಕಿಕೊಂಡು ಎರಡು ಬದಿಯನ್ನೂ ಕೇಳಿದರು.

ಮೊದಲ ಬದಿಯ ಕೊನೆಯಲ್ಲಿ ದಾದಾ, ‘ಇಗೋ, ಇವನೂ ಎರಡು ಮಾತು ಹೇಳಬೇಕಂತೆ’ ಎನ್ನುತ್ತಾರೆ. ಆಮೇಲೆ ಒಬ್ಬ ಯುವಕನ ದನಿ, ಸುಮಾರು 40 ಸೆಕೆಂಡು. ದಖನಿ ಮತ್ತು ಕನ್ನಡ ಬೆರೆಸಿ ಮಾತಾಡುತ್ತಾನೆ: ಯಲಹಂಕದಲ್ಲಿರುವ ಅಮ್ಮಿಗೆ ಹೇಳಿ, ಕೈ ವಾಸಿಯಾಗಿದೆ, ಮತ್ತೆ ಗಾಡಿ ಓಡಿಸುತ್ತಿದ್ದೇನೆ, ಈದ್ ಆದ ಮೇಲೆ ದುಡ್ಡು ಕಳಿಸುತ್ತೇನೆ, ಅಳಬೇಡ ಅನ್ನಿ. ಅಷ್ಟೇ. ಹೆಸರು ಹೇಳುವುದಿಲ್ಲ. ಆಗ ಅದರ ಅಗತ್ಯವೂ ಇರಲಿಲ್ಲ. ಕೇಳುವವರಿಗೆ ಅವನು ಯಾರೆಂದು ಗೊತ್ತಿತ್ತು.

ಅಬ್ಬಾಗೆ ನೆನಪಿಲ್ಲ. ಸಂದೇಶವನ್ನು ಯಲಹಂಕಕ್ಕೆ ಮುಟ್ಟಿಸಿದ್ದು ದಾದಿಯೇ ಇರಬೇಕು. 2011ರ ಆ ದಿನ ನಾನು ಸುಮ್ಮನೆ ‘ದಾದಿ, ಇದರಲ್ಲಿ ಯಾರ್ಯಾರು ಮಾತಾಡಿದ್ದಾರೆ?’ ಎಂದು ಕೇಳಿದ್ದರೂ ಸಾಕಿತ್ತು. ಟೇಪು 32 ವರ್ಷ ಕಾದಿತ್ತು. ನೆನಪಿಟ್ಟುಕೊಂಡವರು ಕಾಯಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಒಂದು ಸಂಗತಿ ಹೇಳುತ್ತೇನೆ. 1902ರಲ್ಲಿ ಕೋಲ್ಕತ್ತದಲ್ಲಿ ಗೌಹರ್ ಜಾನ್ ಗ್ರಾಮೊಫೋನ್ ಕಂಪನಿಗಾಗಿ ಹಾಡಿದರು. ನಮ್ಮ ದೇಶದ ಮೊಟ್ಟಮೊದಲ ವಾಣಿಜ್ಯ ಧ್ವನಿಮುದ್ರಣಗಳಲ್ಲಿ ಅವು ಸೇರಿವೆ. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಲಿ ಎಂದು, ಹಾಡು ಮುಗಿದ ಕೂಡಲೇ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಕೊನೆಯ ದಿನಗಳಲ್ಲಿ ಅವರು ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅಂದು ಹೇಳಿದ ಆ ಒಂದು ಹೆಸರಿನಿಂದಾಗಿ ಇಂದಿಗೂ ತಟ್ಟೆ ಕೇಳಿದವರಿಗೆಲ್ಲ ಹಾಡಿದವರು ಯಾರೆಂದು ತಿಳಿಯುತ್ತದೆ.

ಈ ಕೆಲಸಕ್ಕೆ ಯಾರು ಬರಬಹುದು?

ನಾನು ಬಂದದ್ದು ಎಲೆಕ್ಟ್ರಾನಿಕ್ಸ್ ಓದಿ. ನನ್ನ ಜೊತೆಯವರಲ್ಲಿ ಒಬ್ಬರು ರಸಾಯನಶಾಸ್ತ್ರ, ಒಬ್ಬರು ಇತಿಹಾಸ, ಇನ್ನೊಬ್ಬರು ಗ್ರಂಥಾಲಯ ವಿಜ್ಞಾನ ಓದಿದವರು. ಆರ್ಟ್ಸ್ ವಿದ್ಯಾರ್ಥಿಗಳೇ, ನಿಮಗೂ ಇಲ್ಲಿ ಜಾಗ ಇದೆ. ಕನ್ನಡ, ಉರ್ದು, ದಖನಿ ಬಲ್ಲವರು ಕೇಳಿ ವಿವರ ಬರೆಯದಿದ್ದರೆ ಫೈಲ್ ಇದ್ದೂ ಇಲ್ಲದಂತೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ 2015ರಿಂದ ಬೇರೆ ಬೇರೆ ನಗರಗಳಲ್ಲಿ ಸಂರಕ್ಷಣಾ ತರಬೇತಿ ಶಿಬಿರಗಳನ್ನು ನಡೆಸಿದೆ. ಪತ್ರಾಗಾರ ಹೇಗಿರುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಪತ್ರಾಗಾರ 2019ರಲ್ಲಿ ಶುರುವಾಯಿತು. ವಿಜ್ಞಾನಿಗಳ ಕಾಗದಪತ್ರ, ಫೋಟೊಗಳ ಜೊತೆಗೆ ಅವರ ದನಿಯಲ್ಲೇ ಮುದ್ರಿಸಿದ ನೆನಪುಗಳನ್ನೂ ಅಲ್ಲಿ ಕಾಪಿಟ್ಟಿದ್ದಾರೆ.

ಈ ಭಾನುವಾರ ಮನೆಯಲ್ಲಿ ಮಾಡಬಹುದಾದದ್ದು

1. ಹಳೆಯ ಕ್ಯಾಸೆಟ್, ವಿಡಿಯೊ ಟೇಪು ಸಿಕ್ಕರೆ ಎಸೆಯಬೇಡಿ. ಬಲ್ಲವರಿಗೆ ತೋರಿಸದೆ ಹಳೆಯ ಯಂತ್ರಕ್ಕೆ ಹಾಕಲೂ ಬೇಡಿ.

2. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಆಮೇಲೆ ಅದರ ಮೇಲೆ ತಪ್ಪಿಯೂ ರೆಕಾರ್ಡ್ ಆಗುವುದಿಲ್ಲ.

3. ಬಿಸಿಲು, ತೇವ ಮತ್ತು ಸ್ಪೀಕರಿನಿಂದ ದೂರ, ಪುಸ್ತಕದಂತೆ ನೇರವಾಗಿ ನಿಲ್ಲಿಸಿಡಿ.

4. ಹಿರಿಯರ ಪಕ್ಕ ಕೂತು, ಅದರಲ್ಲಿ ಯಾರಿದ್ದಾರೆ, ಯಾವ ವರ್ಷ, ಯಾವ ಸಂದರ್ಭ ಎಂದು ಕೇಳಿ ಬರೆದಿಡಿ. ಇದನ್ನು ಮೊದಲು ಮಾಡಿ.

5. ಮನೆಯವರ ಖಾಸಗಿ ಮಾತುಗಳನ್ನು ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಕಳಿಸಬೇಡಿ.

6. ನೀವೇ ಮೊಬೈಲಿನಲ್ಲಿ ರೆಕಾರ್ಡ್ ಮಾಡುವಾಗ ಮೊದಲು ಹೆಸರು, ಊರು, ದಿನಾಂಕ ಹೇಳಿ.

ದಾದಾರ ಕ್ಯಾಸೆಟ್ಟಿನ ವಿವರದಲ್ಲಿ ನಾನು ‘ಗುರುತು ತಿಳಿಯದ ಯುವಕ, ಯಲಹಂಕ’ ಎಂದು ಬರೆದಿದ್ದೇನೆ. ನಮ್ಮ ಕಾಲೇಜಿಗೆ ಯಲಹಂಕದಿಂದ ಬರುವವರು ಬಹಳ ಮಂದಿ ಇದ್ದೀರಿ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರಾದರೂ 1986ರ ಸುಮಾರಿಗೆ ದಮ್ಮಾಮಿನಲ್ಲಿ ಡ್ರೈವರ್ ಆಗಿದ್ದು, ಅಲ್ಲಿ ಕೈಗೆ ಪೆಟ್ಟಾಗಿತ್ತೆಂದು ಹೇಳಿದ್ದರೆ, ಕಾಲೇಜು ಕಚೇರಿಗೆ ತಿಳಿಸಿ. 40 ಸೆಕೆಂಡಿನ ಆ ದನಿ ನನ್ನ ಬಳಿ ಜೋಪಾನವಾಗಿದೆ. ಅದನ್ನು ಅವರ ಮನೆಯವರಿಗೆ ಒಪ್ಪಿಸಬೇಕು.