ವಿಕೆಟ್ ಕೀಪರನ್ನು ಹೇಗೆ ಆರಿಸಬೇಕು?



ತಾಲ್ಲೂಕು ಮಟ್ಟದ ಕ್ರಿಕೆಟ್ ಪಂದ್ಯಗಳು ಹತ್ತಿರ ಬಂದವೆಂದರೆ ನಮ್ಮ ಶೇಗಾಂವ ಕಡೆಯ ಶಾಲೆಗಳಲ್ಲಿ ತಂಡ ಕಟ್ಟುವ ಗಡಿಬಿಡಿ ಶುರು. ಬ್ಯಾಟಿಂಗ್ ಯಾರು ಮಾಡ್ತೀರಿ ಅಂದರೆ ಎಲ್ಲರ ಕೈ ಮೇಲೆ. ಬೌಲಿಂಗ್ ಅಂದರೂ ಅಷ್ಟೇ. ಕೀಪಿಂಗ್ ಯಾರು ಅಂದರೆ ಮಾತ್ರ ಎರಡೋ ಮೂರೋ ಕೈ. ಕೆಲವು ವರ್ಷಗಳ ಹಿಂದೆ ಹೀಗೆ ಇಬ್ಬರು ಹುಡುಗರು ನನ್ನ ಮುಂದೆ ನಿಂತಿದ್ದರು. ನಾನು ವಿಜ್ಞಾನ ಕಲಿಸುವವನು. ಆಟದ ಶಿಕ್ಷಕರು ರಜೆಯಲ್ಲಿದ್ದರು, ಹಾಗಾಗಿ ಆಯ್ಕೆಯ ಕೆಲಸ ನನ್ನ ತಲೆಗೆ ಬಂತು. ಇಬ್ಬರಿಗೂ ಐದೈದು ಕ್ಯಾಚ್ ಕೊಟ್ಟೆ. ಒಬ್ಬ ಐದೂ ಹಿಡಿದ, ಇನ್ನೊಬ್ಬ ಮೂರು ಹಿಡಿದ. ಐದು ಹಿಡಿದವನ ಹೆಸರು ಬರೆದುಕೊಂಡೆ.

ಮೂರು ಹಿಡಿದವ, "ಸರ, ಇನ್ನೊಂದು ಹತ್ತು ಬಾಲ್ ಹಾಕ್ರಿ" ಅಂದ. ಕತ್ತಲಾಗುತ್ತಿತ್ತು. "ಮುಂದಿನ ವರ್ಷ ನೋಡೋಣಪಾ" ಅಂದೆ. ಮುಂದಿನ ವರ್ಷ ಅವ ಕೈ ಎತ್ತಲೇ ಇಲ್ಲ. ಅವ ಹಠ ಮಾಡಿರಲಿಲ್ಲ, ಸರಿಯಾದ ಗಣಿತವನ್ನೇ ಕೇಳಿದ್ದ. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಆ ಗಣಿತ ಏನು ಅಂತ ನೋಡೋಣ. ನೂರು ಅವಕಾಶ ಸಿಕ್ಕರೆ 80 ಹಿಡಿಯುವ ಕೀಪರ್ ಒಬ್ಬ ಇದ್ದಾನೆ, ಅವನನ್ನು 'ಅ' ಅನ್ನೋಣ. ನೂರಕ್ಕೆ 60 ಹಿಡಿಯುವವ 'ಬ'. ಇಬ್ಬರಲ್ಲಿ ಅ ಉತ್ತಮ, ಅದರಲ್ಲಿ ಸಂಶಯವಿಲ್ಲ. ಈಗ ಇಬ್ಬರಿಗೂ ಐದೇ ಐದು ಕ್ಯಾಚ್ ಕೊಡಿ. ಅ ಐದಕ್ಕೆ ಐದೂ ಹಿಡಿಯುವ ಸಂಭವನೀಯತೆ ಎಷ್ಟು? 0.8 ಅನ್ನು ಐದು ಸಲ ಬರೆದು ಗುಣಿಸಿ, ಸುಮಾರು 0.33 ಬರುತ್ತದೆ. ಅಂದರೆ ಇಂಥ ಪರೀಕ್ಷೆ ಮೂರು ಸಲ ಇಟ್ಟರೆ ಎರಡು ಸಲ ಅವ ಒಂದನ್ನಾದರೂ ಬಿಡುತ್ತಾನೆ. ಮೂರು ಅಥವಾ ಅದಕ್ಕಿಂತ ಕಡಿಮೆ ಹಿಡಿಯುವ ಸಂಭವನೀಯತೆ 0.26, ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಸಲ. ಇಬ್ಬರನ್ನೂ ಹೋಲಿಸಿ ಲೆಕ್ಕ ಹಾಕಿದರೆ, 100 ಪರೀಕ್ಷೆಗಳಲ್ಲಿ ಸುಮಾರು 14 ಸಲ ಬ ಮುಂದೆ ಬರುತ್ತಾನೆ, 21 ಸಲ ಇಬ್ಬರೂ ಸಮ ಆಗುತ್ತಾರೆ. ಒಟ್ಟು 35 ಸಲ ಒಳ್ಳೆಯ ಕೀಪರ್ ಯಾರು ಅಂತ ಪರೀಕ್ಷೆಗೆ ಗೊತ್ತೇ ಆಗುವುದಿಲ್ಲ!

ನಂಬಿಕೆ ಬರದಿದ್ದರೆ ಎರಡು ಡಬ್ಬಿ ತಗೊಳ್ಳಿ. ಎರಡರಲ್ಲೂ ಹತ್ತತ್ತು ಚೀಟಿ ಹಾಕಿ. ಮೊದಲ ಡಬ್ಬಿಯಲ್ಲಿ 8 ಚೀಟಿಗೆ 'ಹಿಡಿದ', 2 ಕ್ಕೆ 'ಬಿಟ್ಟ' ಅಂತ ಬರೆಯಿರಿ. ಎರಡನೆಯದರಲ್ಲಿ 6 ಮತ್ತು 4. ಕಣ್ಣು ಮುಚ್ಚಿ ಒಂದು ಚೀಟಿ ತೆಗೆದು, ನೋಡಿ, ಮತ್ತೆ ಒಳಗೆ ಹಾಕಿ ಅಲ್ಲಾಡಿಸಿ. ಹೀಗೆ ಐದು ಸಲ ಮಾಡಿದರೆ ಒಂದು 'ಆಯ್ಕೆ ಪರೀಕ್ಷೆ' ಆಯಿತು. ವರ್ಗದಲ್ಲಿ 40 ಮಕ್ಕಳಿದ್ದರೆ 40 ಪರೀಕ್ಷೆ ಆಗುತ್ತವೆ. ಚೀಟಿಯನ್ನು ವಾಪಸ್ ಹಾಕುವುದನ್ನು ಮಾತ್ರ ಮರೆಯಬೇಡಿ, ಮರೆತರೆ ಲೆಕ್ಕ ಕೆಡುತ್ತದೆ.

ಚೆಂಡುಗಳ ಸಂಖ್ಯೆ ಹೆಚ್ಚಿಸಿದರೆ ಏನಾಗುತ್ತದೆ? 20 ಅವಕಾಶ ಕೊಟ್ಟರೆ, ಒಳ್ಳೆಯವ ಮುಂದೆ ಬಾರದೇ ಹೋಗುವುದು 100 ರಲ್ಲಿ ಸುಮಾರು 11 ಸಲ. 50 ಕೊಟ್ಟರೆ ಸುಮಾರು 2 ಸಲ ಅಷ್ಟೇ. ಇನ್ನೊಂದು ಹತ್ತು ಬಾಲ್ ಹಾಕ್ರಿ ಅಂದ ಹುಡುಗ ಕೇಳಿದ್ದು ಇದನ್ನೇ.

ಇನ್ನು ಯಾವ ಚೆಂಡು ಕೊಡಬೇಕು ಅನ್ನುವ ಪ್ರಶ್ನೆ. ಕೀಪರ್‌ಗೆ ಬೇಕಾದದ್ದು ಚುರುಕು ಅಂತ ಎಲ್ಲರೂ ಹೇಳುತ್ತಾರೆ. ಚುರುಕನ್ನು ಅಳೆಯುವ ಪ್ರಯೋಗ ನಿಮಗೆ ಗೊತ್ತಿದೆ. ಗೆಳೆಯ ಪಟ್ಟಿಯನ್ನು ಮೇಲಿನಿಂದ ಬಿಡಬೇಕು, ಕೆಳಗೆ ನೀವು ಎರಡು ಬೆರಳಲ್ಲಿ ಹಿಡಿಯಬೇಕು. ಪಟ್ಟಿ ಬಿದ್ದ ದೂರವನ್ನು ಮೀಟರಿನಲ್ಲಿ ಬರೆದು, ಎರಡರಿಂದ ಗುಣಿಸಿ, 9.8 ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ನಿಮ್ಮ ಪ್ರತಿಕ್ರಿಯಾ ಕಾಲ ಸಿಗುತ್ತದೆ. 20 ಸೆಂ.ಮೀ. ಬಿದ್ದಿದ್ದರೆ 0.20 ಸೆಕೆಂಡು. 15 ಸೆಂ.ಮೀ.ಗೇ ಹಿಡಿದರೆ 0.17, 25 ಆದರೆ 0.23. ವರ್ಗದ ಅತಿ ಚುರುಕಿನವನಿಗೂ ಸ್ವಲ್ಪ ನಿಧಾನದವನಿಗೂ ಇರುವ ಅಂತರ ಅರ್ಧ ರೆಪ್ಪೆ ಬಡಿಯುವಷ್ಟೂ ಇರುವುದಿಲ್ಲ.

ಈಗ ಮೈದಾನಕ್ಕೆ ಬನ್ನಿ. ಸ್ಪಿನ್ ಬೌಲರ್ ಬಂದಾಗ ಕೀಪರ್ ಸ್ಟಂಪಿನ ಹತ್ತಿರವೇ ಕೂರುತ್ತಾನೆ. ಬ್ಯಾಟ್ಸ್‌ಮನ್ನನ ಗೆರೆ ಸ್ಟಂಪಿನಿಂದ 1.22 ಮೀಟರ್ ಮುಂದೆ ಇದೆ. ಕೀಪರನ ಗ್ಲೌಸ್ ಸ್ಟಂಪಿನ ಹಿಂದೆ. ಬ್ಯಾಟಿನಿಂದ ಗ್ಲೌಸಿಗೆ ಹೆಚ್ಚೆಂದರೆ 2 ಮೀಟರ್ ಅನ್ನಿ. ಚೆಂಡಿನ ವೇಗ ಗಂಟೆಗೆ 72 ಕಿ.ಮೀ. ಇದ್ದರೆ ಸೆಕೆಂಡಿಗೆ 20 ಮೀಟರ್ ಆಯಿತು. 2 ಮೀಟರ್ ದಾಟಲು ಅದಕ್ಕೆ ಬೇಕಾದ ಕಾಲ 0.1 ಸೆಕೆಂಡು.

ಇಲ್ಲಿ ಸ್ವಲ್ಪ ನಿಲ್ಲಿ. ಮನುಷ್ಯನಿಗೆ ನೋಡಿ ಕೈ ಅಲ್ಲಾಡಿಸಲು 0.2 ಸೆಕೆಂಡು ಬೇಕು. ಚೆಂಡು ಬ್ಯಾಟಿನ ಅಂಚಿಗೆ ತಾಗಿ ಗ್ಲೌಸಿಗೆ ಬರಲು 0.1 ಸೆಕೆಂಡು ಸಾಕು. ಅಂದರೆ ಅಂಚು ತಾಗಿದ್ದನ್ನು ನೋಡಿ ಕೈ ತಿರುಗಿಸುವುದು ಜಗತ್ತಿನ ಯಾವ ಕೀಪರ್‌ಗೂ ಆಗದ ಕೆಲಸ. ಆದರೂ ಕ್ಯಾಚ್ ಹಿಡಿಯುತ್ತಾರಲ್ಲ, ಹ್ಯಾಂಗ? ಚೆಂಡು ನೆಲಕ್ಕೆ ಬಿದ್ದ ಜಾಗ ನೋಡಿಯೇ ಅದು ಎಷ್ಟು ಏಳುತ್ತದೆ, ಎತ್ತ ತಿರುಗುತ್ತದೆ ಅಂತ ಮೊದಲೇ ಅಂದಾಜು ಮಾಡಿ ಕೈ ಅಲ್ಲಿ ಇಟ್ಟಿರುತ್ತಾರೆ. ತೆಳುವಾಗಿ ತಾಗಿದ ಚೆಂಡು ದಾರಿ ಬಹಳ ಬದಲಿಸುವುದಿಲ್ಲ, ಇಟ್ಟ ಕೈಗೇ ಬಂದು ಬೀಳುತ್ತದೆ. ಆದ್ದರಿಂದ ಪಟ್ಟಿ ಪ್ರಯೋಗದಲ್ಲಿ ಮೊದಲು ಬಂದವನೇ ಒಳ್ಳೆಯ ಕೀಪರ್ ಆಗಬೇಕೆಂದಿಲ್ಲ. ನೋಡಬೇಕಾದದ್ದು ಬೇರೆ: ಚೆಂಡು ನೆಲ ಮುಟ್ಟುವ ತನಕ ಕುಕ್ಕರಗಾಲಲ್ಲೇ ಇರುತ್ತಾನೋ, ಮೊದಲೇ ಎದ್ದುಬಿಡುತ್ತಾನೋ? ಮೊದಲೇ ಎದ್ದವನಿಗೆ ತಗ್ಗಿನ ಚೆಂಡು ಸಿಗುವುದಿಲ್ಲ. ನಮ್ಮ ಮಣ್ಣಿನ ಮೈದಾನಗಳಲ್ಲಿ ತಗ್ಗಿನ ಚೆಂಡುಗಳೇ ಜಾಸ್ತಿ.

ವೇಗದ ಬೌಲರ್‌ಗೆ ದೂರ ನಿಂತಾಗ ಲೆಕ್ಕ ಬೇರೆ. ಸೆಕೆಂಡಿಗೆ 30 ಮೀಟರ್ ವೇಗ, ಬ್ಯಾಟಿನಿಂದ 12 ಮೀಟರ್ ದೂರ ಅಂದರೆ 0.4 ಸೆಕೆಂಡು ಸಿಗುತ್ತದೆ. ಅದರಲ್ಲಿ ಅರ್ಧ ನೋಡುವುದಕ್ಕೆ, ಅರ್ಧ ಹಾರುವುದಕ್ಕೆ. ಹಾರಿ ಹಿಡಿದ ಕ್ಯಾಚಿಗೆ ಚಪ್ಪಾಳೆ ಬೀಳುತ್ತದೆ, ಫೋಟೊ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕೀಪರನ ನಿಜವಾದ ಪರೀಕ್ಷೆ ಸ್ಟಂಪಿನ ಹತ್ತಿರ ಆಗುತ್ತದೆ. ನಾನು ಅಂದು ಕೊಟ್ಟ ಐದು ಕ್ಯಾಚೂ ದೂರದಿಂದ ಎಸೆದವು!

ಕರ್ನಾಟಕದ ಸೈಯದ್ ಕಿರ್ಮಾನಿ ಅವರ ಹೆಸರು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಇಂಥವರ ಸ್ಪಿನ್‌ಗೆ ಅವರು ಸ್ಟಂಪಿನ ಹಿಂದೆ ಕೂತವರು. ಅದರಲ್ಲಿ ಪ್ರಸನ್ನ, ಚಂದ್ರಶೇಖರ್ ಇಬ್ಬರೂ ಕರ್ನಾಟಕ ತಂಡದವರೇ. ಚಂದ್ರಶೇಖರ್ ಅವರ ಚೆಂಡು ಸ್ಪಿನ್ ಆದರೂ ಮಧ್ಯಮ ವೇಗದಲ್ಲಿ ಬರುತ್ತಿತ್ತು, ಎತ್ತ ತಿರುಗುತ್ತದೆ ಅಂತ ಬ್ಯಾಟ್ಸ್‌ಮನ್ನರಿಗೆ ತಿಳಿಯುತ್ತಿರಲಿಲ್ಲ. ಕೀಪರ್‌ಗೆ ತಿಳಿಯಲೇಬೇಕಿತ್ತು. ಕಿರ್ಮಾನಿ 1971 ಮತ್ತು 1974 ರಲ್ಲಿ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿದ್ದರೂ ಫಾರೂಕ್ ಎಂಜಿನಿಯರ್ ಇದ್ದುದರಿಂದ ಟೆಸ್ಟ್ ಆಡಲು ಸಿಗಲಿಲ್ಲ. ಅವಕಾಶ ಬಂದದ್ದು 1976 ರಲ್ಲಿ, ನ್ಯೂಜಿಲೆಂಡಿನಲ್ಲಿ. ಎರಡನೇ ಟೆಸ್ಟಿನಲ್ಲೇ ಒಂದು ಇನ್ನಿಂಗ್ಸಿನಲ್ಲಿ ಆರು ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. 88 ಟೆಸ್ಟ್‌ಗಳಲ್ಲಿ 160 ಕ್ಯಾಚ್, 38 ಸ್ಟಂಪಿಂಗ್. 1983 ರ ವಿಶ್ವಕಪ್ಪಿನಲ್ಲಿ ಶ್ರೇಷ್ಠ ಕೀಪರ್ ಪ್ರಶಸ್ತಿಯೂ ಅವರಿಗೇ ಬಂತು. ಬೆಂಗಳೂರಿನವರೇ ಆದ ಸದಾನಂದ ವಿಶ್ವನಾಥ್ 1985 ರಲ್ಲಿ ಮೆಲ್ಬರ್ನ್ ಫೈನಲ್ಲಿನಲ್ಲಿ ಶಿವರಾಮಕೃಷ್ಣನ್ ಅವರ ಲೆಗ್‌ಸ್ಪಿನ್‌ಗೆ ಜಾವೇದ್ ಮಿಯಾಂದಾದ್ ಅವರನ್ನು ಸ್ಟಂಪ್ ಮಾಡಿದ್ದೂ ಇಂಥದೇ ಕೆಲಸ.

ಕೈಯನ್ನು ಹಿಂದಕ್ಕೆ ಎಳೆದುಕೊಂಡು ಹಿಡಿಯಬೇಕು ಅಂತ ಎಲ್ಲರೂ ಕಲಿಸುತ್ತಾರೆ. ಯಾಕೆ? ಚೆಂಡು ಸುಮಾರು 160 ಗ್ರಾಂ. ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಬಂದರೆ ಅದರ ಚಲನ ಶಕ್ತಿ 50 ಜೂಲ್. ಕೈ 5 ಸೆಂ.ಮೀ. ಮಾತ್ರ ಹಿಂದೆ ಸರಿದರೆ ಸರಾಸರಿ 1000 ನ್ಯೂಟನ್ ಬಲ ಅಂಗೈ ಮೇಲೆ. 25 ಸೆಂ.ಮೀ. ಸರಿದರೆ 200 ನ್ಯೂಟನ್. ಬಲ ಕಡಿಮೆಯಾದರೆ ಚೆಂಡು ಗ್ಲೌಸಿನಿಂದ ಪುಟಿಯುವುದೂ ಕಡಿಮೆ. ಸರಿ. ಆದರೆ ಸ್ಟಂಪಿಂಗ್ ಮಾಡುವಾಗ ಕೈ 25 ಸೆಂ.ಮೀ. ಹಿಂದೆ ಹೋದರೆ ಅಷ್ಟೇ ದೂರ ಮುಂದೆ ಬರಬೇಕಲ್ಲ? ಅಷ್ಟರಲ್ಲಿ ಬ್ಯಾಟ್ಸ್‌ಮನ್ನನ ಕಾಲು ಗೆರೆಯೊಳಗೆ ಬಂದಿರುತ್ತದೆ. ಎಂ.ಎಸ್. ಧೋನಿ ಸ್ಪಿನ್‌ಗೆ ಕೈ ಹಿಂದೆ ಎಳೆಯದೆ ನೇರ ಸ್ಟಂಪಿನತ್ತಲೇ ತರುತ್ತಿದ್ದರು. ಏಕದಿನ ಪಂದ್ಯಗಳಲ್ಲಿ ಅವರ ಸ್ಟಂಪಿಂಗ್ 123, ಅದು ವಿಶ್ವದಾಖಲೆ. ಪುಸ್ತಕದ ಪ್ರಕಾರ ಅಂಕ ಕೊಟ್ಟಿದ್ದರೆ ಧೋನಿ ಅವರಿಗೆ ಕಡಿಮೆ ಬೀಳುತ್ತಿದ್ದವು. ಹಾಗಂತ ನಾಳೆಯೇ ನೀವು ಹಂಗ ಮಾಡಲಿಕ್ಕೆ ಹೋಗಬೇಡಿ, ಮೊದಲು ಬೆರಳು ಉಳಿಸಿಕೊಳ್ಳಿ.

ಬೈ ರನ್ ಎಣಿಸುವವರೂ ಇದ್ದಾರೆ. ಯಾರು ಕಡಿಮೆ ಬೈ ಕೊಟ್ಟರೋ ಅವರೇ ಒಳ್ಳೆಯ ಕೀಪರ್ ಅನ್ನುವ ಲೆಕ್ಕ. ಆದರೆ ಒಬ್ಬನ ತಂಡದ ಬೌಲರ್ ಲೆಗ್ ಕಡೆ ದೂರ ದೂರ ಎಸೆಯುತ್ತಿದ್ದರೆ ಅದು ಯಾರ ತಪ್ಪು? ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ನಮ್ಮ ಕೀಪರನ ಹಾಗೆಯೇ ಬ್ಯಾಟ್ ಹಿಡಿದವನ ಹಿಂದೆ 'ಕ್ಯಾಚರ್' ಕೂರುತ್ತಾನೆ. ಅಲ್ಲಿ ಕೈಬಿಟ್ಟ ಚೆಂಡನ್ನು ಎರಡು ಲೆಕ್ಕದಲ್ಲಿ ಬರೆಯುತ್ತಾರೆ: ಎಸೆದವನ ತಪ್ಪು ಒಂದು ಕಡೆ, ಹಿಡಿಯುವವನ ತಪ್ಪು ಇನ್ನೊಂದು ಕಡೆ. ನಮ್ಮ ಸ್ಕೋರ್ ಪುಸ್ತಕದಲ್ಲೂ ವೈಡ್ ಬೇರೆ, ಬೈ ಬೇರೆ ಇದೆ. ಆದರೂ ವೈಡ್ ಆಗದಷ್ಟು ಕೆಟ್ಟ ಚೆಂಡು ಕೀಪರನ ತಲೆಗೇ ಬರುತ್ತದೆ. ಆದ್ದರಿಂದ ಇಬ್ಬರು ಕೀಪರ್‌ಗಳನ್ನು ಹೋಲಿಸುವಾಗ ಬೌಲರ್ ಒಬ್ಬನೇ, ಪಿಚ್ ಒಂದೇ, ಚೆಂಡೂ ಒಂದೇ ಇರಬೇಕು. ಪ್ರಯೋಗಶಾಲೆಯಲ್ಲಿ ಒಂದನ್ನು ಬದಲಿಸಿ ಉಳಿದದ್ದನ್ನು ಸ್ಥಿರ ಇಡುತ್ತೇವಲ್ಲ, ಹಾಗೆ.

ಆ ಆಟದಿಂದ ಇನ್ನೂ ಒಂದು ವಿಷಯ ಕಲಿಯಬಹುದು. ಅಲ್ಲಿ ದೊಡ್ಡ ತಂಡಗಳ ಕೆಳಗೆ ಚಿಕ್ಕ ತಂಡಗಳಿದ್ದು, ಹೊಸ ಹುಡುಗರು ಅಲ್ಲಿ ವರ್ಷಗಟ್ಟಲೆ ತಯಾರಾಗುತ್ತಾರೆ. ಅವರನ್ನು ನೋಡಲು ಬರುವವರು 20 ರಿಂದ 80 ರ ತನಕ ಅಂಕ ಕೊಡುತ್ತಾರೆ, 50 ಅಂದರೆ ಸಾಧಾರಣ. ಎಸೆತಕ್ಕೆ ಬೇರೆ, ಹಿಡಿತಕ್ಕೆ ಬೇರೆ, ಬ್ಯಾಟಿಂಗಿಗೆ ಬೇರೆ. ಮುಖ್ಯವಾಗಿ, ಒಂದೊಂದಕ್ಕೂ ಎರಡೆರಡು ಅಂಕ: ಇವತ್ತು ಎಷ್ಟು, ಮುಂದೆ ಎಷ್ಟಾಗಬಹುದು. ಎರಡನೆಯದು ಅಂದಾಜೇ, ತಪ್ಪೂ ಆಗುತ್ತದೆ. ಮೈಕ್ ಪಿಯಾಜ್ಜಾ ಎಂಬವನನ್ನು 1988 ರಲ್ಲಿ 1390ನೆಯವನಾಗಿ ಆರಿಸಿದ್ದರು. ಆಗ ಅವನು ಕ್ಯಾಚರ್ ಕೂಡ ಆಗಿರಲಿಲ್ಲ. 2016 ರಲ್ಲಿ ಆ ಆಟದ ಸರ್ವಶ್ರೇಷ್ಠರ ಪಟ್ಟಿಗೆ ಕ್ಯಾಚರ್ ಆಗಿಯೇ ಸೇರಿದ.

ನಮ್ಮಲ್ಲೂ ಇಂಥದ್ದು ನಡೆದಿದೆ. ರಾಂಚಿಯ ಶಾಲೆಯಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದ ಧೋನಿ, 2003 ರಲ್ಲಿ ಜಮ್‌ಶೆಡ್‌ಪುರದ ಪಂದ್ಯವೊಂದರಲ್ಲಿ ಪ್ರತಿಭಾಶೋಧಕ್ಕೆ ಬಂದ ಪ್ರಕಾಶ್ ಪೊದ್ದಾರ್ ಅವರ ಕಣ್ಣಿಗೆ ಬಿದ್ದರು. ಹೊಡೆತದಲ್ಲಿ ಬಲ ಇದೆ, ಕೀಪಿಂಗ್ ಇನ್ನೂ ಸುಧಾರಿಸಬೇಕು ಎಂಬ ಅರ್ಥದ ವರದಿ ಹೋಯಿತು. ಇವತ್ತಿನ ಅಂಕ ಕಡಿಮೆ, ನಾಳೆಯ ಅಂಕ ಹೆಚ್ಚು ಅಂದಂತೆ.

ನಿಮ್ಮ ವಯಸ್ಸಿನಲ್ಲಿ ಈ 'ನಾಳೆ' ಬಹಳ ದೊಡ್ಡದು. 14 ವರ್ಷದೊಳಗಿನ ತಂಡದಲ್ಲಿ ಈಗಷ್ಟೇ 13 ತುಂಬಿದವನೂ ಇರುತ್ತಾನೆ, 14 ಕ್ಕೆ ವಾರ ಉಳಿದವನೂ ಇರುತ್ತಾನೆ. ಆ ಒಂದು ವರ್ಷದಲ್ಲಿ ಎತ್ತರ, ಅಂಗೈ, ತೋಳಿನ ಬಲ ಎಲ್ಲ ಬದಲಾಗುತ್ತದೆ. ದೊಡ್ಡವನನ್ನು ಆರಿಸಿ, ಅವನಿಗೇ ಹೆಚ್ಚು ಪಂದ್ಯ, ಹೆಚ್ಚು ಅಭ್ಯಾಸ ಕೊಟ್ಟು, ಆಮೇಲೆ "ನೋಡ್ರಿ, ಇವನೇ ಮುಂದೆ ಬಂದ" ಅನ್ನುತ್ತೇವೆ. ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ನೋಡಿದಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿದ್ದರು, ಏಕೆಂದರೆ ಅಲ್ಲಿ ವಯಸ್ಸಿನ ಎಣಿಕೆ ಜನವರಿಯಿಂದ. ನಿಮ್ಮ ಶಾಲೆಯ ತಂಡದ ಜನ್ಮದಿನಾಂಕಗಳನ್ನು ಹಾಜರಿ ಪುಸ್ತಕದಿಂದ ತೆಗೆದು ತಿಂಗಳವಾರು ಸ್ತಂಭಾಲೇಖ ಬರೆಯಿರಿ. ಹನ್ನೊಂದೇ ಹೆಸರಿನಿಂದ ತೀರ್ಮಾನಕ್ಕೆ ಬರಬೇಡಿ, ಮೂರ್ನಾಲ್ಕು ವರ್ಷದ ತಂಡಗಳನ್ನು ಕೂಡಿಸಿ.

ಈಗ ನಾನು ಹೀಗೆ ಮಾಡುತ್ತೇನೆ. ಮೂರು ಸಂಜೆ, ದಿನಕ್ಕೆ ಪ್ರತಿಯೊಬ್ಬರಿಗೂ 20 ಚೆಂಡು, ಒಬ್ಬನೇ ಬೌಲರ್. 10 ಸ್ಟಂಪಿನ ಹತ್ತಿರ, 10 ದೂರದಿಂದ. ಮುಂದೆ ಒಬ್ಬ ಬ್ಯಾಟ್ ಬೀಸುತ್ತಾನೆ ಆದರೆ ತಾಗಿಸುವುದಿಲ್ಲ, ಕಣ್ಣಿಗೆ ಅಡ್ಡ ಬಂದರೆ ಸಾಕು. ಪಕ್ಕದಲ್ಲಿ ಕೂತ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ: ಹತ್ತಿರವೋ ದೂರವೋ, ಆಫ್ ಕಡೆಯೋ ಲೆಗ್ ಕಡೆಯೋ, ಪೂರ್ತಿ ಹಿಡಿದದ್ದೋ ತಡೆದದ್ದೋ ಬಿಟ್ಟದ್ದೋ, ಚೆಂಡು ಬೀಳುವ ಮೊದಲೇ ಎದ್ದನೋ ಇಲ್ಲವೋ. ಮೊದಲ ಸಂಜೆಯ ಎಣಿಕೆಯನ್ನೂ ಮೂರನೆಯ ಸಂಜೆಯ ಎಣಿಕೆಯನ್ನೂ ಪಕ್ಕಪಕ್ಕ ಇಟ್ಟು, ಯಾರು ಕಲಿಯುತ್ತಿದ್ದಾರೆ ಅಂತಲೂ ನೋಡುತ್ತೇನೆ. ಕಳೆದ ಸಲ ಬರೆಯಲು ಕೂತಿದ್ದ ಹುಡುಗಿಯೇ ಎರಡನೇ ದಿನ, "ಸರ, ನಾನೂ ಕೂಡ್ಲೇನ್ರಿ ಸ್ಟಂಪಿನ ಹಿಂದ?" ಅಂದಳು. ಅವಳ 20 ಚೆಂಡಿನ ಲೆಕ್ಕವೂ ಈಗ ಅದೇ ನೋಟ್‌ಬುಕ್ಕಿನಲ್ಲಿದೆ. ಇನ್ನು 40 ಬಾಕಿ.