ಕಿವಿಯ ಓದು: ‘ಕುಸುಮಬಾಲೆ’ಯ ಗದ್ಯವನ್ನು ಕುರಿತು

ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಕಿರುಗಾತ್ರದ ಈ ಕೃತಿಯನ್ನು ಗೌರವಿಸಿದವರು ಎಷ್ಟೋ ಮಂದಿ. ಮೊದಲ ಕೆಲವು ಪುಟಗಳಲ್ಲಿಯೇ ಮುಚ್ಚಿಟ್ಟವರೂ ಕಡಿಮೆಯಿಲ್ಲ. ‘ಅರ್ಥವಾಗುವುದಿಲ್ಲ’ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಆ ತೊಡಕು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಜಾನಪದದ ನೆಲೆಯಿಂದ ಪರಿಶೀಲಿಸುವುದು ಅಗತ್ಯ.

ಕೃತಿಯ ಭಾಷೆ ನಂಜನಗೂಡು, ಚಾಮರಾಜನಗರ ಸೀಮೆಯದು. ಅಲ್ಲಿಯ ಆಡುಮಾತಿನಲ್ಲಿ ಪದಾಂತ್ಯದ ಎಕಾರ ಅಕಾರವಾಗುತ್ತದೆ. ‘ಕತೆ’ ‘ಕತ’ವಾಗುತ್ತದೆ, ‘ಮನೆ’ ‘ಮನ’ವಾಗುತ್ತದೆ. ಶಿಷ್ಟಗನ್ನಡಕ್ಕೆ ಪಳಗಿದ ಕಣ್ಣು ‘ಮನ’ವನ್ನು ಮನಸ್ಸೆಂದು ಓದಿ ಎಡವುತ್ತದೆ. ಅದೇ ಸಾಲನ್ನು ಉಸಿರಿನ ನಿಲುಗಡೆಗಳೊಡನೆ ಗಟ್ಟಿಯಾಗಿ ಓದಿದರೆ ಗೊಂದಲ ಬಹುಮಟ್ಟಿಗೆ ಕರಗುತ್ತದೆ. ಈ ಗದ್ಯದ ಲಯ ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರ, ಮಲೆಯ ಮಾದೇಶ್ವರನ ಕಾವ್ಯವನ್ನು ಹಾಡುವ ಕಂಸಾಳೆಯವರ ನೆರೆಯದು. ಅಲ್ಲಿ ಮಾತು ಹಾಡಾಗಿ, ಹಾಡು ಮತ್ತೆ ಮಾತಾಗಿ ಹೊರಳುವುದು ಸಹಜ; ಇಲ್ಲಿಯೂ ಹಾಗೆಯೇ. ವಿದ್ವಾಂಸರಾದ ಎಲ್. ಬಸವರಾಜು ಅವರು ಈ ಕೃತಿಯನ್ನು ಪದ್ಯದ ಸಾಲುಗಳಂತೆ ವಿಂಗಡಿಸಿ ಪ್ರಕಟಿಸಿದ್ದು ಇದನ್ನು ಗುರುತಿಸಿಯೇ ಇರಬೇಕು. ವಚನಗಳ ಸಂಪಾದನೆಯಲ್ಲಿ ನುರಿತ ಅವರಿಗೆ, ಗದ್ಯದೊಳಗೆ ಅಡಗಿದ ಲಯ ಹೊಸತೇನಲ್ಲ.

ಇನ್ನೊಂದು ತೊಡಕು ಜೋತಮ್ಮಗಳದು. ದೀಪಗಳ ಆತ್ಮಗಳು ರಾತ್ರಿ ಕೂಡಿ ಮಾತನಾಡುವುದನ್ನು ಕಂಡು ಆಧುನಿಕ ಕಾದಂಬರಿಯ ಓದುಗ ಬೆರಗಾಗುತ್ತಾನೆ. ವಿಮರ್ಶೆ ಲ್ಯಾಟಿನ್ ಅಮೆರಿಕದ ಮಾಂತ್ರಿಕ ವಾಸ್ತವವನ್ನು ನೆನೆಯುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. ಎ.ಕೆ. ರಾಮಾನುಜನ್ ದಾಖಲಿಸಿದ ಕನ್ನಡದ ಕತೆಯೊಂದರಲ್ಲಿ ಹೆಂಗಸೊಬ್ಬಳು ತನಗೆ ಗೊತ್ತಿದ್ದ ಕತೆಯನ್ನು ಹೇಳದೆ, ಹಾಡನ್ನು ಹಾಡದೆ ಉಳಿಸಿಕೊಳ್ಳುತ್ತಾಳೆ. ಅವು ಉಸಿರುಗಟ್ಟಿ ಹೊರಬಂದು ಪರಪುರುಷನ ಮೆಟ್ಟು, ಅಂಗಿಗಳ ರೂಪ ತಾಳುತ್ತವೆ. ಗಂಡನಿಗೆ ಸಂಶಯ ಹುಟ್ಟುತ್ತದೆ. ಊರಿನ ದೀಪಗಳೆಲ್ಲ ಆರಿದ ಮೇಲೆ ಜ್ವಾಲೆಗಳು ಹನುಮಂತನ ಗುಡಿಯಲ್ಲಿ ನೆರೆದು ಹರಟುವಾಗ ನಿಜ ಹೊರಬೀಳುತ್ತದೆ. ಮನೆಯೊಳಗಿನ ಗುಟ್ಟನ್ನು ಬಲ್ಲದ್ದು ಅಲ್ಲಿ ಉರಿಯುವ ದೀಪವೇ ಎಂಬ ಈ ತಿಳಿವು ‘ಕುಸುಮಬಾಲೆ’ಯಲ್ಲಿ ಬೇರೆಯೇ ತೂಕ ಪಡೆಯುತ್ತದೆ. ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಯುವಕ ಚನ್ನ ಕೊಲೆಯಾಗಿದ್ದಾನೆ. ಊರು ಬಾಯಿಬಿಡದ ಸಂಗತಿಗೆ ಮನುಷ್ಯರಲ್ಲದವರು ಬಾಯಾಗಬೇಕಾಗುತ್ತದೆ. ಜನಪದ ಕತೆಯಲ್ಲಿ ಜ್ವಾಲೆಗಳ ಮಾತು ಒಂದು ಸಂಸಾರವನ್ನು ಉಳಿಸಿದರೆ, ಇಲ್ಲಿ ಯಾರನ್ನೂ ಉಳಿಸಲು ಕಾಲ ಮೀರಿದೆ.

ಇಷ್ಟಾದರೂ ಕೃತಿಯನ್ನು ‘ಜಾನಪದದ ಸೊಗಡು’ ಎಂದು ಹೊಗಳಿ ಬದಿಗಿಡುವುದು ಓದದಿರುವುದರ ಇನ್ನೊಂದು ಬಗೆ. ಈ ತಪ್ಪನ್ನು ಜಾನಪದ ವಿದ್ವಾಂಸರೂ ಮಾಡಿದ್ದಾರೆ. ಹಾಡುಗಾರನ ಮುಂದೆ ಕುಳಿತವರಿಗೆ ಕತೆ ಮೊದಲೇ ಗೊತ್ತಿರುತ್ತದೆ. ಮಂಟೇಸ್ವಾಮಿ ಯಾರೆಂದು ಅವರು ಕೇಳುವುದಿಲ್ಲ. ಮಹಾದೇವರ ಓದುಗನಿಗೆ ಆ ಅನುಕೂಲವಿಲ್ಲ. ಪಾತ್ರಗಳು ಪರಿಚಯವಿಲ್ಲದೆಯೇ ಬರುತ್ತವೆ, ಕಾಲ ಹಿಂದುಮುಂದಾಗುತ್ತದೆ, ನಂಟುಗಳನ್ನು ಓದುಗನೇ ಕೂಡಿಸಿಕೊಳ್ಳಬೇಕು. ಗಟ್ಟಿಯಾಗಿ ಓದಿದ ಮಾತ್ರಕ್ಕೆ ಈ ತೊಡಕು ಬಿಡಿಸಿಕೊಳ್ಳದು. ಅದಕ್ಕೆ ಎರಡನೆಯ ಓದೇ ಬೇಕು. ಕೊಲೆಯ ಸಂಗತಿ ತಿಳಿದ ಮೇಲೆ ಮೊದಲ ಪುಟಗಳಿಗೆ ಮರಳಿದವನು ಬಹುಮಟ್ಟಿಗೆ ನೀಲಗಾರನ ಮುಂದೆ ಕುಳಿತ ಕೇಳುಗನ ಸ್ಥಿತಿಯಲ್ಲಿರುತ್ತಾನೆ.